ಲೈನ್ ರಿಲೇಯ ಜನರಲ್ ಸೆಟ್ಟಿಂಗ್: ಹಾಳೆ ನೋಡಿ ತುಂಬುವ ಮೊದಲು ಯಾರ್ಡಿಗೆ ಹೋಗಿ ಬನ್ನಿ

"ಸರ್, ಝೋನ್ ಸೆಟ್ಟಿಂಗ್ ಎಲ್ಲಾ ಹಾಳಿಯಾಗ ಬಂದಾವ. ಆದ್ರ ಜನರಲ್ ಸೆಟ್ಟಿಂಗ್‌ನಾಗ ಏನ್ ತುಂಬೋದ್ರೀ?"

ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಸಬ್‌ಸ್ಟೇಷನ್ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ತಾರಿಹಾಳ, ಬೇಲೂರು ಕೈಗಾರಿಕಾ ಪ್ರದೇಶಗಳ ಎಲೆಕ್ಟ್ರಿಷಿಯನ್‌ಗಳೂ ಇದನ್ನೇ ಕೇಳುತ್ತಾರೆ. ಫೋನಿನಲ್ಲಿ ಅರ್ಧಂಬರ್ಧ ಹೇಳುವುದಕ್ಕಿಂತ ಒಂದೇ ಕಡೆ ಬರೆದಿಡುವುದು ವಾಸಿ.

ಮೊದಲು ವಿಷಯ ಏನು ಅಂತ ನೋಡೋಣ. ಲೈನಿನಲ್ಲಿ ಫಾಲ್ಟ್ ಆದಾಗ ಅದನ್ನು ಗುರುತಿಸಿ ಬ್ರೇಕರ್‌ಗೆ ಟ್ರಿಪ್ ಕೊಡುವುದು ರಿಲೇ ಕೆಲಸ. ಡಿಸ್ಟೆನ್ಸ್ ರಿಲೇ ಆದರೆ ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿ, ಫಾಲ್ಟ್ ಎಷ್ಟು ದೂರದಲ್ಲಿದೆ ಅಂತ ಓಮ್ ಲೆಕ್ಕದಲ್ಲಿ ಕಂಡುಕೊಳ್ಳುತ್ತದೆ. ಎಷ್ಟು ಓಮ್‌ಗೆ ಟ್ರಿಪ್ ಆಗಬೇಕು, ಎಷ್ಟು ಹೊತ್ತು ಕಾಯಬೇಕು ಅನ್ನುವುದೆಲ್ಲ ಪ್ರೊಟೆಕ್ಷನ್ ಸೆಟ್ಟಿಂಗ್. ಹೀಗೆ ದೂರಕ್ಕೆ ತಕ್ಕಂತೆ ಮಾಡಿದ ಒಂದೊಂದು ಭಾಗವೇ ಝೋನ್. ಅದನ್ನು ಲೆಕ್ಕ ಹಾಕಿ ಕಳಿಸುವವರು ಬೇರೆ ಇರುತ್ತಾರೆ. ಜನರಲ್ ಸೆಟ್ಟಿಂಗ್ ಹಾಗಲ್ಲ. ಅದರಲ್ಲಿ ಲೆಕ್ಕ ಕಡಿಮೆ. ರಿಲೇ ಎಲ್ಲಿ ಕೂತಿದೆ, ಅದಕ್ಕೆ ಯಾವ ಸಿಟಿ (ಕರೆಂಟ್ ಇಳಿಸಿ ಕೊಡುವ ಟ್ರಾನ್ಸ್‌ಫಾರ್ಮರ್), ಯಾವ ಪಿಟಿ (ವೋಲ್ಟೇಜ್ ಇಳಿಸಿ ಕೊಡುವ ಪೊಟೆನ್ಷಿಯಲ್ ಟ್ರಾನ್ಸ್‌ಫಾರ್ಮರ್) ಕೊಟ್ಟಿದ್ದಾರೆ, ಲೈನ್ ಯಾವ ದಿಕ್ಕಿಗಿದೆ ಅಂತ ರಿಲೇಗೆ ತಿಳಿಸುವುದಷ್ಟೇ. ಹಾಗಾಗಿ ಇದರ ಉತ್ತರ ಹಾಳೆಗಿಂತ ಜಾಸ್ತಿ ಯಾರ್ಡಿನಲ್ಲಿ ಸಿಗುತ್ತದೆ. ಹಾಳೆ ತಯಾರು ಮಾಡಿದವರು ನಿಮ್ಮ ಯಾರ್ಡ್ ನೋಡಿಯೇ ಇರಲಿಕ್ಕಿಲ್ಲ.

ಕೈಯಲ್ಲಿ ಏನಿರಬೇಕು

ಒಪ್ಪಿಗೆಯಾದ ಸೆಟ್ಟಿಂಗ್ ಹಾಳೆ, ಪ್ಯಾನಲ್ ಡ್ರಾಯಿಂಗ್, ನಿಮ್ಮ ಮಾಡೆಲ್‌ನದೇ ಮ್ಯಾನ್ಯುಯಲ್, ಲ್ಯಾಪ್‌ಟಾಪಿನಲ್ಲಿ ಆ ಕಂಪನಿಯ ಸಾಫ್ಟ್‌ವೇರ್. ಸೀಮೆನ್ಸ್ ಆದರೆ ಡಿಗ್ಸಿ, ಎಬಿಬಿಗೆ ಪಿಸಿಎಂ600, ಎಸ್‌ಇಎಲ್‌ಗೆ ಕ್ವಿಕ್‌ಸೆಟ್. ಸರಿಯಾದ ಕೇಬಲ್ ಇದೆಯಾ ಅಂತ ಹೊರಡುವ ಮೊದಲೇ ನೋಡಿಕೊಳ್ಳಿ. ಹಾವೇರಿವರೆಗೆ ಹೋದ ಮೇಲೆ ಕೇಬಲ್ ಹುಬ್ಬಳ್ಳಿಯಲ್ಲೇ ಉಳಿದಿದೆ ಅಂತ ಗೊತ್ತಾದರೆ ಆ ದಿನ ಕೆಟ್ಟ ಹಾಗೇ. ಜೊತೆಗೆ ಒಂದು ಟಾರ್ಚ್, ಮಲ್ಟಿಮೀಟರ್, ನೇಮ್ ಪ್ಲೇಟ್ ಫೋಟೋ ತೆಗೆಯಲು ಮೊಬೈಲ್ ಇರಲಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೆಪಿಟಿಸಿಎಲ್ ಅಥವಾ ಹೆಸ್ಕಾಂ ಲೈನಿನ ರಿಲೇ ಆದರೆ ಅವರ ರಿಲೇ ಟೆಸ್ಟಿಂಗ್ ಸಿಬ್ಬಂದಿ ಇಲ್ಲದೆ ಮುಟ್ಟಬೇಡಿ. ನಿಮ್ಮ ಕಾರ್ಖಾನೆಯ ಸ್ವಂತ ರಿಲೇ ಆದರೂ ಅದು ಮೇಲಿನ ಸ್ಟೇಷನ್ನಿನ ರಿಲೇಗೆ ಹೊಂದಿಕೊಂಡು ಕೆಲಸ ಮಾಡಬೇಕು. ಸುಮ್ನೆ ಒಬ್ಬರೇ ಕೂತು ಬದಲಿಸುವ ವಿಷಯ ಅಲ್ಲ.

1. ಎಲ್‌ಸಿ, ಟ್ರಿಪ್ ಲಿಂಕ್, ಸಿಟಿ ಶಾರ್ಟಿಂಗ್

ಎಲ್‌ಸಿ, ಅಂದರೆ ಲೈನ್ ಕ್ಲಿಯರ್ ಅನ್ನುವ ಕೆಲಸದ ಅನುಮತಿ, ಬರಹದಲ್ಲೇ ತಗೊಳ್ಳಿ. ಲೈನ್ ಬೇರೆ ರಿಲೇ ಮೇಲೆ ಚಾಲೂ ಇದ್ದು, ನೀವು ಒಂದು ರಿಲೇ ಮಾತ್ರ ಹೊರಗೆ ತೆಗೆಯುತ್ತಿದ್ದರೆ ಮೊದಲು ಟ್ರಿಪ್ ಲಿಂಕ್ (ರಿಲೇಯ ಟ್ರಿಪ್ ಬ್ರೇಕರಿಗೆ ಹೋಗುವ ಜೋಡಣೆ) ತೆಗೆಯಿರಿ. ಬ್ರೇಕರ್ ಫೇಲ್ ಸರ್ಕ್ಯೂಟಿಗೆ (ಬ್ರೇಕರ್ ತೆರೆಯದಿದ್ದರೆ ಉಳಿದ ಬ್ರೇಕರುಗಳನ್ನು ಬೀಳಿಸುವುದು) ಹೋಗುವ ಲಿಂಕ್ ಬೇರೆಯೇ ಇರುತ್ತದೆ. ಎಷ್ಟೋ ಜನ ಅದನ್ನು ಮರೆತುಬಿಡುತ್ತಾರೆ, ಆಮೇಲೆ ಇಡೀ ಬಸ್ (ಎಲ್ಲಾ ಫೀಡರುಗಳು ಬಂದು ಸೇರುವ ಕಂಬಿ) ಟ್ರಿಪ್ ಆಗುತ್ತದೆ.

ಅದಾದ ಮೇಲೆ ಟಿಟಿಬಿಯಲ್ಲಿ ಸಿಟಿ ಶಾರ್ಟ್ ಮಾಡಿ. ಟಿಟಿಬಿ ಅಂದರೆ ಪ್ಯಾನಲ್ ಮುಂದಿನ ಟೆಸ್ಟ್ ಟರ್ಮಿನಲ್ ಬ್ಲಾಕ್. ಲೈನಿನಲ್ಲಿ ಕರೆಂಟ್ ಹರಿಯುತ್ತಿರುವಾಗ ಸಿಟಿ ಸೆಕೆಂಡರಿ, ಅಂದರೆ ರಿಲೇ ಕಡೆಯ ಸುತ್ತು, ತೆರೆದರೆ ಅಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಮೊದಲು ಶಾರ್ಟ್, ಆಮೇಲೆ ಓಪನ್. ಈ ಕ್ರಮ ತಪ್ಪಬಾರದು.

2. ಒಳಗಿರುವ ಫೈಲನ್ನು ಮೊದಲು ಹೊರಗೆ ತಗೊಳ್ಳಿ

ಏನೂ ಬದಲಿಸುವ ಮುನ್ನ ರಿಲೇಯಲ್ಲಿ ಈಗಿರುವ ಸೆಟ್ಟಿಂಗ್ ಫೈಲನ್ನು ಲ್ಯಾಪ್‌ಟಾಪಿಗೆ ಎಳೆದುಕೊಂಡು, ತಾರೀಕು ಹಾಕಿ ಸೇವ್ ಮಾಡಿ. ಸಾಫ್ಟ್‌ವೇರಿನಲ್ಲಿ ರಿಲೇಯಿಂದ ಓದುವ ಬಟನ್ನೂ ರಿಲೇಗೆ ಬರೆಯುವ ಬಟನ್ನೂ ಅಕ್ಕಪಕ್ಕ ಇರುತ್ತವೆ. ಬಾಣದ ದಿಕ್ಕು ನೋಡಿ ಒತ್ತಿ. ಖಾಲಿ ಫೈಲನ್ನು ರಿಲೇಗೆ ತಳ್ಳಿಬಿಟ್ಟರೆ ಹಳೆಯದು ಹೋಯಿತು ಅಂತಲೇ ಅರ್ಥ.

ಮಾಡೆಲ್ ಕೋಡ್, ಫರ್ಮ್‌ವೇರ್ ವರ್ಷನ್ ಎರಡೂ ಫೈಲಿನದಕ್ಕೂ ರಿಲೇಯದಕ್ಕೂ ತಾಳೆಯಾಗಬೇಕು. ಒಂದೇ ಹೆಸರಿನ ರಿಲೇಯಲ್ಲೂ ಆರ್ಡರ್ ಕೋಡಿನ ಒಂದು ಅಂಕಿ ಬೇರೆ ಇದ್ದರೆ ಇನ್‌ಪುಟ್‌ಗಳ ಸಂಖ್ಯೆಯೇ ಬೇರೆ ಇರಬಹುದು.

3. ಹೆಸರು, ಫ್ರೀಕ್ವೆನ್ಸಿ, ಫೇಸ್ ಕ್ರಮ

ಸ್ಟೇಷನ್ ಹೆಸರು, ಫೀಡರ್ ಹೆಸರು ಸರಿಯಾಗಿ ಬರೆಯಿರಿ. ಫಾಲ್ಟ್ ರೆಕಾರ್ಡ್ ತೆಗೆದಾಗ ಮೇಲೆ ಬರುವುದು ಇದೇ ಹೆಸರು. "ಫೀಡರ್ 1" ಅಂತ ಬಿಟ್ಟರೆ ಎರಡು ವರ್ಷ ಆದ ಮೇಲೆ ಅದು ಯಾವ ಲೈನ್ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಫ್ರೀಕ್ವೆನ್ಸಿ 50 ಹರ್ಟ್ಝ್. ಇದೇನು ದೊಡ್ಡ ವಿಷಯ ಅನ್ನಬೇಡಿ, ಅಮೆರಿಕದ ಕಂಪನಿಗಳ ಕೆಲವು ರಿಲೇಗಳು 60 ಇಟ್ಟುಕೊಂಡೇ ಬರುತ್ತವೆ. ಫೇಸ್ ಕ್ರಮ ನಮ್ಮಲ್ಲಿ ಆರ್-ವೈ-ಬಿ. ರಿಲೇ ಅದನ್ನು ಎ-ಬಿ-ಸಿ ಅನ್ನುತ್ತದೆ, ಕೆಲವು ಎಲ್1-ಎಲ್2-ಎಲ್3 ಅನ್ನುತ್ತವೆ. ಇದನ್ನು ಉಲ್ಟಾ ಹಾಕಿದರೆ ಸರಿಯಾದ ಲೋಡ್ ಕರೆಂಟೆಲ್ಲ ರಿಲೇಗೆ ನೆಗೆಟಿವ್ ಸೀಕ್ವೆನ್ಸ್ ಆಗಿ ಕಾಣುತ್ತದೆ, ಅಂದರೆ ಫೇಸ್‌ಗಳು ಹಿಂದುಮುಂದಾಗಿ ತಿರುಗುತ್ತಿವೆ ಅಂತ ತಿಳಿಯುತ್ತದೆ.

4. ಸಿಟಿ ರೇಶಿಯೋ: ಹೆಚ್ಚು ಹೊತ್ತು ಇಲ್ಲೇ ಕಳೆಯಿರಿ

ಸಿಟಿ, ಅಂದರೆ ಕರೆಂಟ್ ಟ್ರಾನ್ಸ್‌ಫಾರ್ಮರ್, ಲೈನಿನ ದೊಡ್ಡ ಕರೆಂಟನ್ನು 1 ಅಥವಾ 5 ಆಂಪಿಯರಿಗೆ ಇಳಿಸಿ ರಿಲೇಗೆ ಕೊಡುತ್ತದೆ. 110 ಕೆವಿ, 220 ಕೆವಿ ಯಾರ್ಡುಗಳಲ್ಲಿ ಸಾಮಾನ್ಯವಾಗಿ 1 ಆಂಪಿಯರ್. ಕಾರ್ಖಾನೆಗಳ 11 ಕೆವಿ, 33 ಕೆವಿ ಪ್ಯಾನಲ್‌ಗಳಲ್ಲಿ 5 ಆಂಪಿಯರಿನವು ಇನ್ನೂ ಬೇಕಾದಷ್ಟಿವೆ.

ಮೊದಲ ಪ್ರಶ್ನೆ: ಯಾವ ಟ್ಯಾಪ್? ನೇಮ್ ಪ್ಲೇಟಿನಲ್ಲಿ 800-400/1 ಅಂತ ಇರುತ್ತದೆ. ಎರಡರಲ್ಲಿ ಯಾವುದನ್ನು ಜೋಡಿಸಿದ್ದಾರೆ ಅನ್ನುವುದು ಸಿಟಿಯ ಟರ್ಮಿನಲ್ ಬಾಕ್ಸ್ ತೆಗೆದರೆ ಮಾತ್ರ ಗೊತ್ತಾಗುತ್ತದೆ. ಲೈನ್ ಪೂರ್ತಿ ಆಫ್ ಇದ್ದು, ಅರ್ಥ್ ಮಾಡಿ, ಎಲ್‌ಸಿ ಕೈಯಲ್ಲಿದ್ದಾಗ ಮಾತ್ರ ಆ ಬಾಕ್ಸ್ ತೆಗೆಯಿರಿ. ಸೆಕೆಂಡರಿ ಟರ್ಮಿನಲ್ಲುಗಳಲ್ಲಿ ಎಸ್1-ಎಸ್2 ಮೇಲೆ ವೈರ್ ಇದೆಯಾ, ಎಸ್1-ಎಸ್3 ಮೇಲಿದೆಯಾ ಅಂತ ನೋಡಿ ಪ್ಲೇಟಿನ ಜೊತೆ ತಾಳೆ ಹಾಕಿ. ಕೆಲವು ಸಿಟಿಗಳಲ್ಲಿ ರೇಶಿಯೋ ಬದಲಿಸುವುದು ಪ್ರೈಮರಿ ಲಿಂಕಿನಿಂದ, ಅದನ್ನು ಮೇಲೆ ಹತ್ತಿಯೇ ನೋಡಬೇಕು. ಹಳೇ ರಿಲೇಯಲ್ಲಿ 400 ಇತ್ತು, ಅದನ್ನೇ ಹಾಕಿದೆ ಅನ್ನುವುದು ಉತ್ತರ ಅಲ್ಲ. ಲೋಡ್ ಜಾಸ್ತಿಯಾದಾಗ ಯಾರೋ ಟ್ಯಾಪ್ ಬದಲಿಸಿರುತ್ತಾರೆ.

ಎರಡನೆಯದು, ಯಾವ ಕೋರ್? ಒಂದೇ ಸಿಟಿಯಲ್ಲಿ ಮೀಟರಿಗೆ ಬೇರೆ ಕೋರ್, ರಿಲೇಗೆ ಬೇರೆ ಕೋರ್ ಇರುತ್ತದೆ. 0.2 ಅಂತ ಇದ್ದರೆ ಮೀಟರಿಂಗ್. ಪಿಎಸ್ ಅಥವಾ 5ಪಿ20 ಅಂತ ಇದ್ದರೆ ಪ್ರೊಟೆಕ್ಷನ್. 5ಪಿ20 ಅಂದರೆ ರೇಟೆಡ್ ಕರೆಂಟಿನ 20 ಪಟ್ಟಿನವರೆಗೂ ತಪ್ಪು ಶೇ 5 ದಾಟುವುದಿಲ್ಲ ಅಂತ. ರಿಲೇ ವೈರ್ ಮೀಟರಿಂಗ್ ಕೋರಿಗೆ ಹೋಗಿದ್ದರೆ ದಿನನಿತ್ಯ ಎಲ್ಲಾ ಚೆನ್ನಾಗೇ ಕಾಣುತ್ತದೆ. ಫಾಲ್ಟ್ ಆದಾಗ ಆ ಕೋರ್ ಸ್ಯಾಚುರೇಟ್ ಆಗಿ, ರಿಲೇಗೆ ಬರಬೇಕಾದ ಕರೆಂಟೇ ಬರುವುದಿಲ್ಲ.

ಮೂರನೆಯದು 1 ಆಂಪಿಯರಾ, 5 ಆಂಪಿಯರಾ ಅನ್ನುವುದು. ಇದು ಬರೀ ಸಾಫ್ಟ್‌ವೇರಿನಲ್ಲಿ ಬದಲಿಸಿದರೆ ಮುಗಿಯುವುದಿಲ್ಲ. ಕೆಲವು ರಿಲೇಗಳಲ್ಲಿ ಎರಡಕ್ಕೂ ಬೇರೆ ಬೇರೆ ಟರ್ಮಿನಲ್, ಕೆಲವದರಲ್ಲಿ ಒಳಗಿನ ಕಾರ್ಡಿನ ಮೇಲೆ ಜಂಪರ್, ಇನ್ನು ಕೆಲವು ಆರ್ಡರ್ ಮಾಡುವಾಗಲೇ ನಿಗದಿಯಾಗಿ ಬರುತ್ತವೆ.

ಈಗ ಜಾಸ್ತಿ ಗೊಂದಲ ಮಾಡುವ ವಿಷಯಕ್ಕೆ ಬರೋಣ. ನಿಮ್ಮ ರಿಲೇ ಸೆಟ್ಟಿಂಗನ್ನು ಪ್ರೈಮರಿ ಲೆಕ್ಕದಲ್ಲಿ ಕೇಳುತ್ತದೆಯಾ, ಸೆಕೆಂಡರಿ ಲೆಕ್ಕದಲ್ಲಾ? ಪ್ರೈಮರಿ ಅಂದರೆ ಲೈನಿನಲ್ಲಿ ನಿಜವಾಗಿ ಇರುವ ಆಂಪಿಯರ್, ಓಮ್. ಸೆಕೆಂಡರಿ ಅಂದರೆ ರಿಲೇ ಟರ್ಮಿನಲ್ಲಿನಲ್ಲಿ ಕಾಣುವುದು. ಓಮಿಗೆ ಸೂತ್ರ ಹೀಗೆ:

ಸೆಕೆಂಡರಿ ಓಮ್ = ಪ್ರೈಮರಿ ಓಮ್ × ಸಿಟಿ ರೇಶಿಯೋ ÷ ಪಿಟಿ ರೇಶಿಯೋ

ಒಂದು ಲೆಕ್ಕ ಹಾಕಿ ನೋಡೋಣ. 110 ಕೆವಿ ಲೈನ್, ಉದ್ದ 40 ಕಿ.ಮೀ. ಕಿಲೋಮೀಟರಿಗೆ ಸುಮಾರು 0.4 ಓಮ್ ಹಿಡಿದರೆ ಒಟ್ಟು 16 ಓಮ್. ಝೋನ್ 1, ಅಂದರೆ ಕಾಯದೆ ತಕ್ಷಣ ಟ್ರಿಪ್ ಆಗುವ ಭಾಗ, ಶೇ 80 ಅಂತ ಇಟ್ಟರೆ 12.8 ಓಮ್, 32 ಕಿ.ಮೀ. ಯಾರ್ಡಿನಲ್ಲಿರುವ ಸಿಟಿ 400/1, ನೀವು 800/1 ಅಂತ ತುಂಬಿದ್ದೀರಿ ಅಂತ ಇಟ್ಟುಕೊಳ್ಳಿ.

ಸೆಟ್ಟಿಂಗ್ ಸೆಕೆಂಡರಿಯಲ್ಲಿದ್ದರೆ ಝೋನಿಗೆ ಏನೂ ಆಗುವುದಿಲ್ಲ. ಡಿಸ್‌ಪ್ಲೇಯಲ್ಲಿ ಕರೆಂಟ್ ದುಪ್ಪಟ್ಟು ತೋರಿಸುತ್ತದೆ, ಅಷ್ಟೇ. ಸೆಟ್ಟಿಂಗ್ ಪ್ರೈಮರಿಯಲ್ಲಿದ್ದರೆ ರಿಲೇ ಒಳಗೇ 12.8 × 800 ÷ 1000 ಮಾಡಿ 10.24 ಓಮ್ ಅಂತ ಇಟ್ಟುಕೊಳ್ಳುತ್ತದೆ. ನಿಮ್ಮ ನಿಜವಾದ ಸಿಟಿಗೆ ಅದು 25.6 ಪ್ರೈಮರಿ ಓಮ್, ಅಂದರೆ 64 ಕಿ.ಮೀ. ನಿಮ್ಮ ಲೈನ್ ಇರುವುದೇ 40. ಆಚೆಯ ಸ್ಟೇಷನ್ ದಾಟಿ ಮುಂದಿನ ಲೈನಿನಲ್ಲಿ ಫಾಲ್ಟ್ ಆದರೂ ನಿಮ್ಮ ಬ್ರೇಕರ್ ಕಾಯದೆ ಬೀಳುತ್ತದೆ.

ಅದೇ ರಿಲೇಯ ಓವರ್ ಕರೆಂಟ್ ಭಾಗದಲ್ಲಿ ಅಂಕಿ ದುಪ್ಪಟ್ಟಾಗುವ ಬದಲು ಅರ್ಧವಾಗುತ್ತದೆ. ಪಿಕಪ್, ಅಂದರೆ ರಿಲೇ ಎದ್ದೇಳುವ ಕರೆಂಟ್, 480 ಆಂಪಿಯರ್ ಅಂತ ಕೊಟ್ಟಿದ್ದರೆ, ಅದು ಎದ್ದೇಳುವುದು 240 ಆಂಪಿಯರಿಗೆ. ಸಾಯಂಕಾಲದ ಲೋಡಿಗೇ ಟ್ರಿಪ್! "ರಿಲೇ ಕೆಟ್ಟಿದೆ" ಅಂತ ಬರುವ ದೂರುಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ.

5. ಪಿಟಿ ರೇಶಿಯೋ

ಪಿಟಿ ವೋಲ್ಟೇಜ್ ಇಳಿಸಿ ಕೊಡುತ್ತದೆ. ಸೆಕೆಂಡರಿ ಫೇಸಿಂದ ಫೇಸಿಗೆ 110 ವೋಲ್ಟ್, ಫೇಸಿಂದ ನ್ಯೂಟ್ರಲಿಗೆ 63.5 ವೋಲ್ಟ್. ಹಳೇ ಮೈಸೂರು ಕಡೆ 66 ಕೆವಿ ಜಾಸ್ತಿ, ನಮ್ಮ ಕಡೆ 110 ಕೆವಿ. ಅಲ್ಲಿಯ ಸ್ನೇಹಿತರು ಕಳಿಸಿದ ಫೈಲ್ ಬಳಸಿದರೆ ಪಿಟಿ ರೇಶಿಯೋ 600 ಅಂತಲೇ ಉಳಿದಿರುತ್ತದೆ. ನಿಮಗೆ ಬೇಕಾದದ್ದು 1000.

ಇನ್ನೊಂದು ತಪ್ಪು ನಮ್ಮ 110 ಕೆವಿಯಲ್ಲಿ ಸುಲಭವಾಗಿ ಆಗುತ್ತದೆ. ಪ್ರೈಮರಿಯನ್ನು ಫೇಸ್-ಫೇಸ್ ಲೆಕ್ಕದಲ್ಲಿ 110 ಕೆವಿ ಅಂತ ತುಂಬಿ, ಸೆಕೆಂಡರಿಯನ್ನು ಫೇಸ್-ನ್ಯೂಟ್ರಲ್ ಲೆಕ್ಕದಲ್ಲಿ 63.5 ಅಂತ ತುಂಬಿಬಿಡುತ್ತಾರೆ. ಆಗ ರೇಶಿಯೋ 1732 ಆಗಿ, ಡಿಸ್‌ಪ್ಲೇ 190 ಕೆವಿ ತೋರಿಸುತ್ತದೆ. ಮೇಲಿನ ಲೆಕ್ಕದ ಝೋನ್ 1 ಪ್ರೈಮರಿ ಸೆಟ್ಟಿಂಗಿನಲ್ಲಿದ್ದರೆ 32 ಕಿ.ಮೀ. ಇದ್ದದ್ದು ಸುಮಾರು 18 ಕಿ.ಮೀ.ಗೆ ಇಳಿಯುತ್ತದೆ. ಎರಡೂ ಕಡೆ ಒಂದೇ ಲೆಕ್ಕ ಇರಲಿ.

ಪಿಟಿ ಬಸ್ ಮೇಲಿದೆಯಾ, ಲೈನ್ ಮೇಲಿದೆಯಾ ಅಂತಲೂ ರಿಲೇ ಕೇಳಬಹುದು. ಲೈನ್ ಸತ್ತಿದೆಯಾ ಬದುಕಿದೆಯಾ ಅಂತ ರಿಲೇ ತೀರ್ಮಾನಿಸುವುದು ಇದರ ಮೇಲೆ. ಬಸ್ ಪಿಟಿ ಇದ್ದರೆ, ಬ್ರೇಕರ್ ತೆರೆದಿದ್ದರೂ ರಿಲೇಗೆ ವೋಲ್ಟೇಜ್ ಬರುತ್ತಲೇ ಇರುತ್ತದೆ ಅಲ್ವಾ?

6. ಸಿಟಿಯ ದಿಕ್ಕು

ಸಿಟಿ ಸ್ಟಾರ್ ಪಾಯಿಂಟ್, ಅಂದರೆ ಮೂರೂ ಫೇಸಿನ ಸೆಕೆಂಡರಿಗಳನ್ನು ಒಟ್ಟು ಸೇರಿಸಿದ ತುದಿ, ಲೈನ್ ಕಡೆಗಿದೆಯೋ ಬಸ್ ಕಡೆಗಿದೆಯೋ ಅಂತ ಕೇಳುವ ಸೆಟ್ಟಿಂಗ್ ಇದು. ಸಿಟಿಯ ಪ್ರೈಮರಿ ತುದಿ ಪಿ1 ಬಸ್ ಕಡೆಗಿದ್ದು ಎಸ್2ಗಳನ್ನು ಸೇರಿಸಿದ್ದರೆ ಸ್ಟಾರ್ ಪಾಯಿಂಟ್ ಲೈನ್ ಕಡೆ. ಆದರೆ ಸಿಟಿಯನ್ನೇ ತಿರುಗಿಸಿ ನಿಲ್ಲಿಸಿರಬಹುದು, ಅದಕ್ಕೆ ಪಿ1 ಗುರುತನ್ನು ಕಣ್ಣಾರೆ ನೋಡಿ. ಕೆಲವು ರಿಲೇಗಳಲ್ಲಿ ಈ ಸೆಟ್ಟಿಂಗೇ ಇರುವುದಿಲ್ಲ, ಅಲ್ಲಿ ವೈರಿಂಗಿನಲ್ಲೇ ಸರಿ ಮಾಡಬೇಕು.

ಇದು ತಪ್ಪಿದರೆ ರಿಲೇ ಬೆನ್ನು ತಿರುಗಿಸಿ ಕೂತ ಕಾವಲುಗಾರನ ಹಾಗೆ. ಪಕ್ಕದ ಫೀಡರಿನ ಫಾಲ್ಟಿಗೆ ಟ್ರಿಪ್ ಆಗುತ್ತದೆ, ತನ್ನ ಲೈನಿನ ಫಾಲ್ಟಿಗೆ ಸುಮ್ಮನಿರುತ್ತದೆ. ಸೆಕೆಂಡರಿ ಅರ್ಥಿಂಗ್ ಒಂದೇ ಕಡೆ ಇರಬೇಕು, ಅದನ್ನೂ ಇದೇ ಹೊತ್ತಿಗೆ ನೋಡಿಬಿಡಿ.

7. ಲೈನಿನ ಉದ್ದ ಮತ್ತು ಓಮ್

ಉದ್ದ ಕಿಲೋಮೀಟರಿನಲ್ಲಾ, ಮೈಲಿಯಲ್ಲಾ ಅಂತ ಮೊದಲು ನೋಡಿ. ಫಾಲ್ಟ್ ಎಷ್ಟು ದೂರದಲ್ಲಿದೆ ಅಂತ ರಿಲೇ ತೋರಿಸುವುದು ಇದರಿಂದಲೇ. ಮಳೆಗಾಲದಲ್ಲಿ ನವಲಗುಂದ, ನರಗುಂದದ ಎರೆ ಹೊಲದಲ್ಲಿ ಟವರ್ ಹುಡುಕಿಕೊಂಡು ಹೋಗುವ ಗ್ಯಾಂಗಿನವರಿಗೆ ಐದು ಕಿಲೋಮೀಟರ್ ತಪ್ಪು ಹೇಳಿದರೆ ಅರ್ಧ ದಿನ ಕೆಸರಿನಲ್ಲೇ ಹೋಯಿತು.

ಲಿಲೋ ಆಗಿದೆಯಾ ಕೇಳಿ. ಲಿಲೋ ಅಂದರೆ ಓಡುತ್ತಿರುವ ಲೈನನ್ನು ನಡುವೆ ಕತ್ತರಿಸಿ ಹೊಸ ಸ್ಟೇಷನ್ನಿಗೆ ಒಳಗೆ ತಂದು ಹೊರಗೆ ಒಯ್ಯುವುದು. ಆಗ ಲೈನಿನ ಉದ್ದ ಬದಲಾಗುತ್ತದೆ, ರಿಲೇಯಲ್ಲಿ ಮಾತ್ರ ಹಳೆಯದೇ ಉಳಿದಿರುತ್ತದೆ. ಆಗ ಉದ್ದ ಒಂದನ್ನೇ ತಿದ್ದಿ ಸುಮ್ಮನಾಗಬೇಡಿ. ಝೋನುಗಳನ್ನೂ ಹೊಸದಾಗಿ ಲೆಕ್ಕ ಹಾಕಿಸಬೇಕು.

ಭೂಮಿಗೆ ತಾಗಿದ ಫಾಲ್ಟಿಗೆ ಒಂದು ತಿದ್ದುಪಡಿ ಅಂಕಿ ಬೇಕು, ಅದನ್ನು ಕೆ-ಝೀರೋ ಅನ್ನುತ್ತಾರೆ. ಒಂದೊಂದು ಕಂಪನಿ ಅದನ್ನು ಒಂದೊಂದು ರೀತಿ ಕೇಳುತ್ತದೆ. ಕೆಲವರಿಗೆ ಝೀರೋ ಸೀಕ್ವೆನ್ಸ್ ಓಮನ್ನು ಪಾಸಿಟಿವ್ ಸೀಕ್ವೆನ್ಸ್ ಓಮಿನಿಂದ ಭಾಗಿಸಿದ ಅನುಪಾತ ಬೇಕು. ಕೆಲವರಿಗೆ ಆ ಅನುಪಾತದಲ್ಲಿ 1 ಕಳೆದು 3ರಿಂದ ಭಾಗಿಸಿದ್ದು ಬೇಕು. ಅನುಪಾತ 3 ಇದ್ದರೆ ಎರಡನೆಯ ರೀತಿಯಲ್ಲಿ ಅದು 0.67. ಆ ಜಾಗದಲ್ಲಿ 3 ಅಂತಲೇ ತುಂಬಿದರೆ ಅರ್ಥ್ ಫಾಲ್ಟುಗಳೆಲ್ಲ ಇರುವುದಕ್ಕಿಂತ ಬಹಳ ಹತ್ತಿರ ಕಾಣುತ್ತವೆ, ಹೊರಗಿನ ಫಾಲ್ಟಿಗೂ ರಿಲೇ ಏಳುತ್ತದೆ. ಇಲ್ಲಿ ಮ್ಯಾನ್ಯುಯಲ್ ತೆಗೆಯದೆ ಕೈ ಹಾಕಬೇಡಿ.

8. ಗಡಿಯಾರ

ರಿಲೇಗೆ ಜಿಪಿಎಸ್ ಗಡಿಯಾರದಿಂದ ಸಮಯ ಬರುತ್ತದೆ, ಇರಿಗ್-ಬಿ ವೈರಿನಲ್ಲೋ ನೆಟ್‌ವರ್ಕಿನಲ್ಲಿ ಎಸ್‌ಎನ್‌ಟಿಪಿಯಿಂದಲೋ. ನಮ್ಮ ಸಮಯ ಯುಟಿಸಿಗಿಂತ (ಜಗತ್ತಿನ ಪ್ರಮಾಣ ಸಮಯ) 5 ಗಂಟೆ 30 ನಿಮಿಷ ಮುಂದೆ. ಜಿಪಿಎಸ್ ಗಡಿಯಾರವೇ ಭಾರತೀಯ ಸಮಯ ಕಳಿಸುತ್ತಿದ್ದರೆ ರಿಲೇಯಲ್ಲಿ ಮತ್ತೆ ಐದೂವರೆ ಗಂಟೆ ಸೇರಿಸಬಾರದು. ಡೇಲೈಟ್ ಸೇವಿಂಗ್ ಅನ್ನುವುದನ್ನು ಆಫ್ ಮಾಡಿ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಗ್ರಿಡ್ ಸ್ಟ್ಯಾಂಡರ್ಡ್ಸ್ ನಿಯಮದಂತೆ ಗ್ರಿಡ್ ಘಟನೆಯ ರೆಕಾರ್ಡುಗಳನ್ನು 24 ಗಂಟೆಯೊಳಗೆ ಕೊಡಬೇಕು. ಎರಡು ತುದಿಯ ರೆಕಾರ್ಡುಗಳ ಸಮಯ ಕೂಡದಿದ್ದರೆ ಕೊಟ್ಟೂ ಉಪಯೋಗವಿಲ್ಲ.

9. ಉಳಿದವು

ಸೆಟ್ಟಿಂಗ್ ಗ್ರೂಪ್: ಒಂದೇ ರಿಲೇಯಲ್ಲಿ ಸೆಟ್ಟಿಂಗುಗಳ ಹಲವು ಕಟ್ಟು ಇಡಬಹುದು, ಒಂದೊಂದು ಕಟ್ಟು ಒಂದು ಗ್ರೂಪ್. ನೀವು ತುಂಬಿದ್ದು ಗ್ರೂಪ್ 1, ಮಿಕ್ಕ ಗ್ರೂಪುಗಳಲ್ಲಿ ಕಾರ್ಖಾನೆಯ ಡೀಫಾಲ್ಟ್ ಇರುತ್ತದೆ. ಬಳಸದಿದ್ದರೆ ಗ್ರೂಪ್ 1ನ್ನೇ ಎಲ್ಲಕ್ಕೂ ಕಾಪಿ ಮಾಡಿ, ಗ್ರೂಪ್ ಬದಲಿಸುವ ಇನ್‌ಪುಟ್ ಯಾವುದಕ್ಕೂ ಜೋಡಿಸಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

ಇನ್‌ಪುಟ್ ವೋಲ್ಟೇಜ್: ಬ್ಯಾಟರಿ 110 ವೋಲ್ಟ್ ಡಿಸಿ ಆದರೆ ಬೈನರಿ ಇನ್‌ಪುಟ್ (ಆನ್-ಆಫ್ ಸಂಕೇತ ಬರುವ ಟರ್ಮಿನಲ್) ಏಳುವ ಮಟ್ಟ ಅದರ ಅರ್ಧಕ್ಕಿಂತ ಮೇಲಿರಬೇಕು. 24 ವೋಲ್ಟಿನ ಮಟ್ಟಕ್ಕೆ ಬಿಟ್ಟರೆ ಡಿಸಿ ವೈರ್ ಎಲ್ಲಾದರೂ ಭೂಮಿಗೆ ತಾಗಿದಾಗ ಬರುವ ಅರ್ಧ ವೋಲ್ಟೇಜಿಗೇ ಇನ್‌ಪುಟ್ ಎದ್ದುಬಿಡುತ್ತದೆ.

ಫಾಲ್ಟ್ ರೆಕಾರ್ಡರ್: ಫಾಲ್ಟಿಗೆ ಮುಂಚಿನ ಸ್ವಲ್ಪ ಹೊತ್ತೂ ರೆಕಾರ್ಡ್ ಆಗಲಿ. ಪಾಸ್‌ವರ್ಡ್ ಬದಲಿಸಿ, ಆದರೆ ಸ್ಟೇಷನ್ ರಿಜಿಸ್ಟರಿನ ಜವಾಬ್ದಾರರಿಗೆ ತಿಳಿಸಿ ಹೋಗಿ.

10. ಚಾರ್ಜ್ ಮಾಡಿದ ಮೇಲೆ ಲೋಡ್ ಚೆಕ್

ಇಂಜೆಕ್ಷನ್ ಟೆಸ್ಟ್ (ರಿಲೇಗೆ ಹೊರಗಿನಿಂದ ಕರೆಂಟ್, ವೋಲ್ಟೇಜ್ ಕೊಟ್ಟು ನೋಡುವುದು) ಮುಗಿಸಿ, ಸಿಟಿ ಶಾರ್ಟಿಂಗ್ ತೆಗೆದು, ಟ್ರಿಪ್ ಲಿಂಕ್ ವಾಪಸ್ ಹಾಕಿ, ಎಲ್‌ಸಿ ಹಿಂದಿರುಗಿಸಿ ಲೈನ್ ಚಾರ್ಜ್ ಮಾಡಿಸಿ. ಸ್ವಲ್ಪ ಲೋಡ್ ಬಂದ ಮೇಲೆ ರಿಲೇಯ ಮೆಷರ್‌ಮೆಂಟ್ ಪುಟ ತೆಗೆಯಿರಿ. ಮೂರು ವೋಲ್ಟೇಜ್, ಮೂರು ಕರೆಂಟ್, ಅವುಗಳ ಕೋನ, ಮೆಗಾವ್ಯಾಟ್, ಮೆಗಾವಾರ್ ಬರೆದುಕೊಳ್ಳಿ. 110 ಕೆವಿಯಲ್ಲಿ 100 ಆಂಪಿಯರ್ ಅಂದರೆ ಸುಮಾರು 19 ಎಂವಿಎ. ಪಕ್ಕದ ಎನರ್ಜಿ ಮೀಟರಿನ ಜೊತೆ ತಾಳೆ ಹಾಕಿ. ನೆಗೆಟಿವ್ ಸೀಕ್ವೆನ್ಸ್ ಕರೆಂಟ್ ಅತಿ ಕಡಿಮೆ ಇರಬೇಕು. ಅದೇ ಪೂರ್ತಿ ಇದ್ದರೆ ಮೂರನೇ ಹಂತಕ್ಕೆ ವಾಪಸ್ ಹೋಗಿ.

ಗದಗ ಕಡೆಯವರು ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಬಸ್ಸಿನಿಂದ ಲೈನಿಗೆ ಹೋಗುವ ಪವರನ್ನು ಸಾಮಾನ್ಯವಾಗಿ ರಿಲೇ ಪ್ಲಸ್ ಅನ್ನುತ್ತದೆ. ಆದರೆ ಕಪ್ಪತಗುಡ್ಡದ ಗಾಳಿಯಂತ್ರಗಳಿಂದ ಬರುವ ಲೈನಿನಲ್ಲಿ ಪವರ್ ಲೈನಿನಿಂದ ನಿಮ್ಮ ಬಸ್ಸಿಗೆ ಬರುತ್ತದೆ. ಅಲ್ಲಿ ರಿಲೇ ಮೈನಸ್ ತೋರಿಸುವುದೇ ಸರಿ. ಮೈನಸ್ ಕಂಡ ಕೂಡಲೇ ಸಿಟಿ ಉಲ್ಟಾ ಇದೆ ಅಂತ ಸೆಟ್ಟಿಂಗ್ ತಿರುಗಿಸಿದರೆ ಸರಿ ಇದ್ದದ್ದನ್ನು ಕೈಯಾರೆ ಕೆಡಿಸಿದ ಹಾಗೆ. ಮುಂಗಾರಿನ ಗಾಳಿಯಲ್ಲಿ ಮೈನಸ್ ಇದ್ದದ್ದು, ಗಾಳಿ ನಿಂತಾಗ ಯಂತ್ರಗಳೇ ಒಂದಿಷ್ಟು ಪವರ್ ಎಳೆದುಕೊಂಡು ಪ್ಲಸ್ ಆಗಬಹುದು. ಆ ಕ್ಷಣಕ್ಕೆ ಪವರ್ ಯಾವ ಕಡೆ ಹೋಗುತ್ತಿದೆ ಅಂತ ಆಚೆ ತುದಿಯ ಆಪರೇಟರಿಗೆ ಫೋನ್ ಮಾಡಿ ಕೇಳಿ, ಆಮೇಲೆ ತೀರ್ಮಾನಿಸಿ. ಲೋಡ್ ತೀರಾ ಕಡಿಮೆ ಇದ್ದರೆ ಕೋನಗಳನ್ನು ನಂಬಬೇಡಿ. ಲೋಡ್ ಬರುವವರೆಗೆ ಕಾಯಿರಿ, ಇಲ್ಲವೇ ಇನ್ನೊಂದು ದಿನ ಬನ್ನಿ.

ದಿಕ್ಕು ನಿಜವಾಗಿ ತಪ್ಪಿದೆ ಅಂತ ಖಾತ್ರಿಯಾದರೂ ತಕ್ಷಣ ಸೆಟ್ಟಿಂಗ್ ತಿರುಗಿಸಬೇಡಿ. ಮೊದಲು ಮೂರೂ ಫೇಸ್ ತಪ್ಪಿದೆಯಾ, ಒಂದೇ ಫೇಸಾ ಅಂತ ನೋಡಿ. ಒಂದೇ ಆದರೆ ಅದು ವೈರಿಂಗ್ ತಪ್ಪು, ಸೆಟ್ಟಿಂಗಿನಿಂದ ಸರಿಹೋಗುವುದಿಲ್ಲ.

ಎಲ್ಲಾ ಸರಿ ಬಂದ ಮೇಲೆ ರಿಲೇಯಿಂದ ಫೈಲನ್ನು ಮತ್ತೊಮ್ಮೆ ಎಳೆದುಕೊಳ್ಳಿ. ನೀವು ಕಳಿಸಿದ ಫೈಲ್ ಅಲ್ಲ, ಈಗ ಅದರೊಳಗೆ ಇರುವುದು. ಅದರ ಪ್ರಿಂಟ್, ಸಿಟಿ-ಪಿಟಿ ನೇಮ್ ಪ್ಲೇಟಿನ ಫೋಟೋ, ಲೋಡ್ ಚೆಕ್ಕಿನ ಅಂಕಿಗಳು ಮೂರನ್ನೂ ತಾರೀಕು, ಸಹಿ ಹಾಕಿ ಪ್ಯಾನಲ್ ಬಾಗಿಲಿನ ಒಳಗಿನ ಕವರಿನಲ್ಲಿಡಿ. ಟೆಸ್ಟ್ ಮಾಡುವಾಗ ಬಿದ್ದ ರೆಕಾರ್ಡುಗಳನ್ನು ಅಳಿಸಿ, ಎಲ್‌ಇಡಿ ರಿಸೆಟ್ ಮಾಡಿ ಹೊರಡಿ.